ಪಂಚಾಂಗದ ಮೇಲಿನ ಹೆಬ್ಬೆಟ್ಟು: ಅಪರಾಧ ಪತ್ತೆ ವಿಜ್ಞಾನದ ಒಂದೂಮುಕ್ಕಾಲು ಶತಮಾನ

1897ರ ಆಗಸ್ಟ್ ತಿಂಗಳು. ಭೂತಾನದ ತಪ್ಪಲಿಗೆ ತಾಗಿಕೊಂಡಿರುವ ಬಂಗಾಳದ ಜಲಪಾಯಿಗುಡಿ ಜಿಲ್ಲೆಯಲ್ಲಿ ಒಂದು ಚಹಾ ತೋಟ. ಅದರ ಮ್ಯಾನೇಜರ್ ತನ್ನ ಹಾಸಿಗೆಯಲ್ಲೇ ಕೊಲೆಯಾಗಿದ್ದ, ಕತ್ತು ಸೀಳಿತ್ತು. ಕಾಗದಪತ್ರದ ಪೆಟ್ಟಿಗೆಯನ್ನೂ ಹಣದ ಪೆಟ್ಟಿಗೆಯನ್ನೂ ಜಾಲಾಡಿದ್ದರು. ಕೆಲವು ನೂರು ರೂಪಾಯಿ ಕಾಣೆಯಾಗಿತ್ತು. ಯಾರ ಮೇಲೆ ಬೇಕಾದರೂ ಅನುಮಾನಪಡಬಹುದಿತ್ತು. ಅಡುಗೆಯವನ ಬಟ್ಟೆಯ ಮೇಲೆ ರಕ್ತದ ಕಲೆ ಇತ್ತು. ತೋಟದ ಕೂಲಿಗಳಿಗೆ ಮ್ಯಾನೇಜರನ ಮೇಲೆ ಮುನಿಸಿತ್ತು. ಕಾಬೂಲಿಗಳ ಒಂದು ಗುಂಪು ಆ ಸೀಮೆಯಲ್ಲಿ ಓಡಾಡಿಕೊಂಡಿತ್ತು. ಇದೇ ಮ್ಯಾನೇಜರನ ಮನೆಯಲ್ಲಿ ಕದ್ದು ಜೈಲು ಕಂಡು ಬಂದಿದ್ದ ಹಳೆಯ ಕೆಲಸದಾಳೂ ಒಬ್ಬನಿದ್ದ. ಹಳೆಯ ಪೊಲೀಸ್ ರೂಢಿಯಂತೆ ನಡೆದಿದ್ದರೆ ಇವರಲ್ಲೊಬ್ಬನನ್ನು ಹಿಡಿದು ಬಾಯಿ ಬಿಡಿಸಿ ಕಡತ ಮುಚ್ಚಬಹುದಿತ್ತು.

ಆದರೆ ಪೆಟ್ಟಿಗೆಯ ಕಾಗದಗಳ ನಡುವೆ ನೀಲಿ ಹೊದಿಕೆಯ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು. ಹೊದಿಕೆಯ ಮೇಲೆ ಮಾಸಿದ ಕಂದು ಕಲೆಗಳಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಬೆರಳಿನ ಗೆರೆಗಳು! ಶಿಕ್ಷೆಯಾದವರ ಬೆರಳಚ್ಚುಗಳನ್ನು ಆ ಹೊತ್ತಿಗಾಗಲೇ ಕಲ್ಕತ್ತೆಯ ಕಚೇರಿಯಲ್ಲಿ ವಿಂಗಡಿಸಿ ಇಟ್ಟಿದ್ದರು. ತಾಳೆ ನೋಡಿದಾಗ ಅದು ಹಳೆಯ ಕೆಲಸದಾಳಿನ ಬಲಗೈ ಹೆಬ್ಬೆಟ್ಟೆಂದು ತಿಳಿಯಿತು. ಅವನು ದೂರದ ಬೀರಭೂಮ್ ಜಿಲ್ಲೆಯಲ್ಲಿ ಸಿಕ್ಕಿಬಿದ್ದ. ಕಂದು ಕಲೆ ಸಸ್ತನಿ ಪ್ರಾಣಿಯ ರಕ್ತವೆಂದು ಸರ್ಕಾರಿ ರಸಾಯನ ಪರೀಕ್ಷಕರು ವರದಿ ಕೊಟ್ಟರು.

1898ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಕಳವಿನ ಆರೋಪ ಸಾಬೀತಾಯಿತು, ಕೊಲೆಯ ಆರೋಪ ಆಗಲಿಲ್ಲ. ಅವನ ಕೈ ಆ ಪಂಚಾಂಗ ಮುಟ್ಟಿದ್ದನ್ನು ಹೆಬ್ಬೆಟ್ಟಿನ ಗುರುತು ಹೇಳಿತ್ತು. ಅದೇ ಕೈ ಕತ್ತಿ ಹಿಡಿದಿತ್ತು ಎಂದು ಹೇಳಿರಲಿಲ್ಲ. ಅಪರಾಧ ಪತ್ತೆಯ ವಿಜ್ಞಾನ ಅಲ್ಲಿಂದ ಇಲ್ಲಿಯವರೆಗೆ ಬಹಳ ದೂರ ಸಾಗಿ ಬಂದಿದೆ. ಆರೋಪಿಯ ಬಾಯಿಂದ ಮಾತು ಹೊರಡಿಸುವ ಬದಲು ಸ್ಥಳದಲ್ಲಿ ಉಳಿದ ಗುರುತನ್ನು ಓದುವುದೇ ಈ ವಿಜ್ಞಾನದ ದಾರಿ. ಗುರುತು ಹೇಳಿದಷ್ಟನ್ನೇ ನಂಬಿದಾಗ ಅದು ಕಗ್ಗಂಟುಗಳನ್ನು ಬಿಡಿಸಿದೆ. ಹೇಳದ್ದನ್ನೂ ಅದರ ಬಾಯಿಗೆ ಹಾಕಿದಾಗ ಎಡವಿದೆ.

ಮೊದಲು ವಿಷ

ಪ್ರಯೋಗಾಲಯ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ವಿಷದ ಕಾರಣಕ್ಕೆ. ಪಾಷಾಣಕ್ಕೆ ಬಣ್ಣವಿಲ್ಲ, ಹೇಳಿಕೊಳ್ಳುವಂಥ ರುಚಿಯಿಲ್ಲ; ವಾಂತಿ ಭೇದಿಯಾಗಿ ಸತ್ತರೆ ಕಾಲರಾ ಎಂದೇ ಜನ ತಿಳಿಯುತ್ತಿದ್ದರು. 1832ರಲ್ಲಿ ಇಂಗ್ಲೆಂಡಿನಲ್ಲಿ ಅಜ್ಜನ ಕಾಫಿಗೆ ಪಾಷಾಣ ಬೆರೆಸಿದ ಆರೋಪದ ಮೇಲೆ ಒಬ್ಬ ಮೊಮ್ಮಗನ ವಿಚಾರಣೆ ನಡೆಯಿತು. ರಸಾಯನತಜ್ಞ ಜೇಮ್ಸ್ ಮಾರ್ಷ್ ಪರೀಕ್ಷೆ ಮಾಡಿ ಹಳದಿ ಗಸಿಯೊಂದನ್ನು ತೆಗೆದಿದ್ದ. ಜ್ಯೂರಿಯ ಮುಂದೆ ಇಡುವಷ್ಟರಲ್ಲಿ ಅದು ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ಆಮೇಲೆ ಅವನೇ ತಪ್ಪನ್ನು ಒಪ್ಪಿಕೊಂಡ. ಈ ಸೋಲನ್ನು ಮನಸ್ಸಿಗೆ ಹಚ್ಚಿಕೊಂಡ ಮಾರ್ಷ್ 1836ರಲ್ಲಿ ಹೊಸ ವಿಧಾನ ಪ್ರಕಟಿಸಿದ. ಅದರಲ್ಲಿ ಪಾಷಾಣವು ಅನಿಲವಾಗಿ ಹೊರಬಂದು ಗಾಜಿನ ಮೇಲೆ ಕನ್ನಡಿಯಂಥ ಹೊಳಪಿನ ಕಪ್ಪು ಲೇಪವಾಗಿ ಕೂರುತ್ತದೆ. ಯಾರು ಬೇಕಾದರೂ ಕಣ್ಣಾರೆ ನೋಡಬಹುದು.

ಭಾರತಕ್ಕೂ ಈ ವಿದ್ಯೆ ಬೇಗನೆ ಬಂತು. 1849ರಲ್ಲಿ ಮದರಾಸಿನಲ್ಲಿ ರಸಾಯನ ಪರೀಕ್ಷಕರ ಪ್ರಯೋಗಾಲಯ ಆರಂಭವಾಯಿತು. ದೇಶದಲ್ಲಿ ಅದೇ ಮೊದಲನೆಯದು. ಕಲ್ಕತ್ತೆ, ಆಗ್ರಾ, ಬೊಂಬಾಯಿಗಳಲ್ಲೂ ಮುಂದೆ ಇಂಥವೇ ತೆರೆದವು. ಶವಪರೀಕ್ಷೆಯಲ್ಲಿ ತೆಗೆದ ಒಳಾಂಗಗಳು ಸೀಸೆಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ಪಾಷಾಣ, ಅಫೀಮು, ದಾರಿಹೋಕರಿಗೆ ಉಣ್ಣಿಸಿ ಪ್ರಜ್ಞೆ ತಪ್ಪಿಸುವ ದತ್ತೂರಿ, ಇವುಗಳ ಹುಡುಕಾಟವೇ ಅಲ್ಲಿನ ದಿನನಿತ್ಯದ ಕೆಲಸ.

ಕಾನೂನೂ ಆ ಕಾಲದಲ್ಲೇ ದಿಕ್ಕು ಬದಲಿಸಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಕೂಡದು ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳಿತು. ಲಾಠಿಯ ಭಯಕ್ಕೆ ಹೊರಬಿದ್ದ ಮಾತಿಗೆ ಬೆಲೆಯಿಲ್ಲ ಎಂದಾದ ಮೇಲೆ ಪೊಲೀಸರಿಗೆ ಬೇರೆ ಬಗೆಯ ಸಾಕ್ಷಿ ಬೇಕಾಯಿತು.

1024 ಗೂಡುಗಳು

ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವರ ಸಹಿ. ಹೂಗ್ಲಿ ನದಿಯ ಸೀಮೆಯ ಜಂಗೀಪುರದಲ್ಲಿ 1858ರ ಜುಲೈನಲ್ಲಿ ಇಡೀ ಅಂಗೈಯ ಅಚ್ಚು ಬಿದ್ದದ್ದೂ ಒಂದು ಕರಾರುಪತ್ರದ ಮೇಲೆಯೇ. ರಸ್ತೆಗೆ ಹಾಕುವ ಸಾಮಗ್ರಿ ಒದಗಿಸಲು ಒಪ್ಪಿಕೊಂಡ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ವಿಲಿಯಂ ಹರ್ಷೆಲ್ ಎಂಬ ಯುವ ಅಧಿಕಾರಿ ಮಸಿ ಬಳಿದು ಕಾಗದಕ್ಕೆ ಒತ್ತಿಸಿದ. ಈ ಸಹಿ ನನ್ನದಲ್ಲ ಎಂದು ನಾಳೆ ಜಾರಿಕೊಳ್ಳದಂತೆ ಅಳುಕು ಹುಟ್ಟಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಆದರೆ ಕುತೂಹಲ ಅವನನ್ನು ಅಲ್ಲಿಗೇ ಬಿಡಲಿಲ್ಲ. ಒಂದೇ ಬೆರಳಿನ ಅಚ್ಚನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು ನೋಡಿದಾಗ ಗೆರೆಗಳು ಬದಲಾಗುವುದಿಲ್ಲ ಎಂಬುದು ಅವನಿಗೆ ಮನವರಿಕೆಯಾಯಿತು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿ ಪಿಂಚಣಿ ಪಾವತಿಗೂ ದಸ್ತಾವೇಜು ನೋಂದಣಿಗೂ ಬೆರಳಚ್ಚನ್ನು ಬಳಕೆಗೆ ತಂದ. ಸತ್ತವರ ಹೆಸರಲ್ಲಿ ಪಿಂಚಣಿ ಎತ್ತುವವರಿಗೆ ಅದರಿಂದ ತಡೆ ಬಿತ್ತು.

ಟೋಕಿಯೊದಲ್ಲಿ ವೈದ್ಯನಾಗಿದ್ದ ಹೆನ್ರಿ ಫಾಲ್ಡ್ಸ್ 1880ರಲ್ಲಿ 'ನೇಚರ್' ಪತ್ರಿಕೆಗೆ ಬರೆದು, ಅಪರಾಧಿಗಳನ್ನು ಬೆರಳಚ್ಚಿನಿಂದ ಹಿಡಿಯಬಹುದೆಂದು ಸೂಚಿಸಿದ. ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಬೆರಳಚ್ಚಿನ ಕುರಿತೇ ಒಂದು ಪುಸ್ತಕ ತಂದ. ಅದೇ ವರ್ಷ ಅರ್ಜೆಂಟೀನಾದಲ್ಲಿ ಇಬ್ಬರು ಮಕ್ಕಳ ಕೊಲೆಯ ಪ್ರಕರಣವೊಂದರಲ್ಲಿ, ನೆರೆಯವನ ಮೇಲೆ ಆರೋಪ ಹೊರಿಸಿದ್ದ ತಾಯಿಯದೇ ರಕ್ತಸಿಕ್ತ ಹೆಬ್ಬೆಟ್ಟು ಬಾಗಿಲ ಮೇಲೆ ಸಿಕ್ಕಿತು.

ಇಷ್ಟಾದರೂ ಬಹುದೊಡ್ಡ ತೊಡಕೊಂದು ಉಳಿದಿತ್ತು. ಸಾವಿರಾರು ಹಾಳೆಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಲ್ಕತ್ತೆಯಲ್ಲಿ. ಬಂಗಾಳದ ಪೊಲೀಸ್ ಮಹಾನಿರೀಕ್ಷಕ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು ದುಡಿಯುತ್ತಿದ್ದರು. ಹಕ್ ಗಣಿತದಲ್ಲಿ ನಿಪುಣ. ಇವರು ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಸುಳಿಯಾಕಾರ ಕಂಡ ಬೆರಳಿಗೆ ಜೋಡಿಯ ಕ್ರಮದಂತೆ 16, 8, 4, 2, 1 ಎಂದು ಅಂಕ ಕೊಟ್ಟರು. ಸುಳಿ ಇಲ್ಲದಿದ್ದರೆ ಸೊನ್ನೆ. ಜೋಡಿಯ ಒಂದೊಂದು ಬದಿಯ ಅಂಕಗಳನ್ನು ಬೇರೆ ಬೇರೆ ಕೂಡಿ ಒಂದು ಸೇರಿಸಿದರೆ 1ರಿಂದ 32ರೊಳಗಿನ ಎರಡು ಸಂಖ್ಯೆ ಬರುತ್ತವೆ. ಮೂವತ್ತೆರಡನ್ನು ಮೂವತ್ತೆರಡರಿಂದ ಗುಣಿಸಿದರೆ 1024. ಅಷ್ಟು ಗೂಡುಗಳ ಕಪಾಟಿದ್ದರೆ ಬಂದ ಹಾಳೆ ನೇರವಾಗಿ ತನ್ನ ಗೂಡು ಸೇರುತ್ತದೆ. ಹುಡುಕುವವನೂ ಆ ಗೂಡಿಗೇ ಕೈ ಹಾಕುತ್ತಾನೆ.

ಸರ್ಕಾರ 1897ರ ಜೂನ್‌ನಲ್ಲಿ ಈ ಪದ್ಧತಿಯನ್ನು ಒಪ್ಪಿತು. ಕಲ್ಕತ್ತೆಯ ಕಚೇರಿ ಜಗತ್ತಿನ ಮೊದಲ ಬೆರಳಚ್ಚು ಕೇಂದ್ರವಾಯಿತು. ಜಲಪಾಯಿಗುಡಿಯ ಕೊಲೆ ನಡೆದದ್ದು ಎರಡೇ ತಿಂಗಳ ನಂತರ. ತಜ್ಞರ ಅಭಿಪ್ರಾಯದ ಪಟ್ಟಿಗೆ ಬೆರಳಚ್ಚನ್ನೂ ಸೇರಿಸಲು 1899ರಲ್ಲಿ ಸಾಕ್ಷ್ಯ ಕಾನೂನಿಗೆ ತಿದ್ದುಪಡಿಯಾಯಿತು. ಹೆನ್ರಿ ಲಂಡನ್ನಿಗೆ ಮರಳಿ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ 1901ರಲ್ಲಿ ಬೆರಳಚ್ಚು ವಿಭಾಗ ಕಟ್ಟಿದ. ಪದ್ಧತಿಗೆ ಅವನ ಹೆಸರೇ ನಿಂತಿತು. ಹಕ್‌ಗೆ ಖಾನ್ ಬಹದ್ದೂರ್, ಬೋಸ್‌ಗೆ ರಾಯ್ ಬಹದ್ದೂರ್ ಬಿರುದು ಸಿಕ್ಕವು. ಲೆಕ್ಕದ ಸೂತ್ರ ಹೊಳೆದವರ ಹೆಸರು ದಶಕಗಳ ಕಾಲ ಪುಸ್ತಕದ ಅಂಚಿನಲ್ಲೇ ಉಳಿಯಿತು. ಈ ಅನ್ಯಾಯವನ್ನು ಇತಿಹಾಸಕಾರರು ಸರಿಪಡಿಸುತ್ತಿರುವುದು ಈಚೆಗೆ.

ರಕ್ತ, ಧೂಳು, ಗುಂಡು

ಜಲಪಾಯಿಗುಡಿಯ ಕಲೆ ಸಸ್ತನಿಯ ರಕ್ತ ಎನ್ನುವಲ್ಲಿಗೆ ಅಂದಿನ ರಸಾಯನ ಪರೀಕ್ಷಕರ ಶಕ್ತಿ ಮುಗಿದಿತ್ತು. ಕುರಿಯದೋ ಮನುಷ್ಯನದೋ ಎಂದು ಹೇಳುವ ವಿಧಾನವನ್ನು ಜರ್ಮನಿಯ ಪಾಲ್ ಉಲೆನ್‌ಹೂತ್ ಕಂಡುಕೊಂಡದ್ದು 1901ರಲ್ಲಿ. ಅದೇ ವರ್ಷ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಶೋಧ ಪ್ರಕಟಿಸಿದ. ಕಲ್ಕತ್ತೆಯಲ್ಲಿ 1910ರಲ್ಲಿ ರಕ್ತ ಪರೀಕ್ಷೆಗೆಂದೇ ಒಂದು ಇಲಾಖೆ ಹುಟ್ಟಿತು. ಅದೇ ವರ್ಷ ಫ್ರಾನ್ಸಿನ ಲಿಯಾನ್ ನಗರದ ನ್ಯಾಯಾಲಯದ ಅಟ್ಟದ ಮೇಲೆ ಎಡ್ಮಂಡ್ ಲೊಕಾರ್ ಪುಟ್ಟ ಪ್ರಯೋಗಾಲಯ ತೆರೆದ. ಒಂದು ವಸ್ತು ಇನ್ನೊಂದಕ್ಕೆ ತಾಕಿದರೆ ಎರಡರಲ್ಲೂ ಒಂದಿಷ್ಟು ಅಂಶ ಅದಲುಬದಲಾಗುತ್ತದೆ ಎಂಬ ಅವನ ತತ್ವದ ಮೇಲೆ ಇಂದಿಗೂ ಸ್ಥಳ ಪರಿಶೀಲನೆ ನಿಂತಿದೆ. ಚಪ್ಪಲಿಗೆ ಮೆತ್ತಿದ ಕೆಮ್ಮಣ್ಣು, ತೋಳಿಗೆ ಅಂಟಿದ ನೂಲಿನ ಎಳೆ, ಉಗುರಿನ ಸಂದಿಯ ಚರ್ಮ ಎಲ್ಲಕ್ಕೂ ಬೆಲೆ ಬಂದದ್ದು ಹೀಗೆ. ಸ್ವತಂತ್ರ ಭಾರತದ ಮೊದಲ ರಾಜ್ಯಮಟ್ಟದ ವಿಧಿ ವಿಜ್ಞಾನ ಪ್ರಯೋಗಾಲಯ ಕಲ್ಕತ್ತೆಯಲ್ಲಿ 1952ರಲ್ಲಿ ಆರಂಭವಾಯಿತು. ಕರ್ನಾಟಕದ್ದು ಬೆಂಗಳೂರಿನ ಮಡಿವಾಳದಲ್ಲಿದೆ.

ಬಂದೂಕಿನ ಗುರುತನ್ನು ಓದುವುದು ಹೇಗೆಂದು ಕನ್ನಡಿಗರು ತೀರಾ ನೋವಿನ ಸಂದರ್ಭದಲ್ಲಿ ತಿಳಿದರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಸಂಶೋಧಕ ಎಂ. ಎಂ. ಕಲಬುರ್ಗಿ ಅವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆ. ನಡುವೆ ಎರಡು ವರ್ಷ, ನಾನೂರಕ್ಕೂ ಹೆಚ್ಚು ಕಿಲೋಮೀಟರ್. ಪಿಸ್ತೂಲಿನ ಸೂಜಿ ತೋಟಾದ ಬುಡಕ್ಕೆ ಬಡಿದಾಗ ಅಲ್ಲೊಂದು ಗುಳಿ ಬೀಳುತ್ತದೆ. ಗುಂಡು ನಳಿಗೆಯಲ್ಲಿ ಉಜ್ಜಿಕೊಂಡು ಹೊರಟಾಗ ಮೈಮೇಲೆ ಗೀರುಗಳಾಗುತ್ತವೆ. ಕೈಯಲ್ಲಿ ತಯಾರಿಸಿದ ನಾಡಪಿಸ್ತೂಲಿನಲ್ಲಿ ಈ ಒರಟು ಗುರುತುಗಳು ಇನ್ನಷ್ಟು ಎದ್ದು ಕಾಣುತ್ತವೆ. ಎರಡು ತೋಟಾಗಳನ್ನು ಅಕ್ಕಪಕ್ಕ ಇಟ್ಟು ಒಂದೇ ನೋಟದಲ್ಲಿ ನೋಡಲು ಬರುವ ಹೋಲಿಕೆ ಸೂಕ್ಷ್ಮದರ್ಶಕ 1920ರ ದಶಕದಿಂದ ಬಳಕೆಯಲ್ಲಿದೆ. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿಲಿಮೀಟರ್ ನಾಡಪಿಸ್ತೂಲು ಎಂದು ಪ್ರಯೋಗಾಲಯದ ವರದಿ ಹೇಳಿತು. ತನಿಖಾ ತಂಡ ಅದನ್ನು ನ್ಯಾಯಾಲಯಕ್ಕೆ ಸಲ್ಲಿಸಿತು. ಬೇರೆ ಬೇರೆ ಎನಿಸಿದ್ದ ಎರಡು ಹತ್ಯೆಗಳನ್ನು ಒಂದೇ ಜಾಲದ ಕೆಲಸವಾಗಿ ನೋಡಲು ದಾರಿ ತೆರೆದದ್ದು ತೋಟಾದ ಬುಡದ ಆ ಗುಳಿ. ಗೌರಿ ಪ್ರಕರಣದಲ್ಲಿ ಸಿಸಿಟಿವಿಯ ಮಸುಕು ದೃಶ್ಯದಲ್ಲಿದ್ದ ವ್ಯಕ್ತಿಯ ನಡಿಗೆಯ ಭಂಗಿಯನ್ನೂ ಗುಜರಾತಿನ ಪ್ರಯೋಗಾಲಯ ಹೋಲಿಸಿ ನೋಡಿತು.

ಡಿಎನ್‌ಎ ಮೊದಲು ಬಿಡಿಸಿದ್ದು ನಿರಪರಾಧಿಯನ್ನು

ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ ಕ್ಷಕಿರಣ ಫಿಲ್ಮೊಂದನ್ನು ತೊಳೆದು ಎತ್ತಿ ನೋಡಿದ. ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡಿನಂಥ ಪಟ್ಟೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿದ್ದವು. ಮನುಷ್ಯರೆಲ್ಲರ ಡಿಎನ್‌ಎ ಬಹುಪಾಲು ಒಂದೇ ತೆರ. ಆದರೆ ಕೆಲವು ಜಾಗಗಳಲ್ಲಿ ಒಂದೇ ಚಿಕ್ಕ ತುಣುಕು ಮರುಕಳಿಸುತ್ತ ಹೋಗುತ್ತದೆ. ಎಷ್ಟು ಸಲ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ.

ಲೆಸ್ಟರ್ ಸುತ್ತಲಿನ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹದಿಹರೆಯದ ಹುಡುಗಿಯರ ಅತ್ಯಾಚಾರ, ಕೊಲೆ ನಡೆದಿದ್ದವು. ಹದಿನೇಳರ ಒಬ್ಬ ಹುಡುಗ ಎರಡನೆಯ ಕೊಲೆಯನ್ನು ತಾನೇ ಮಾಡಿದ್ದಾಗಿ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಮೊದಲನೆಯದೂ ಅವನದೇ ಎಂದು ಖಚಿತಪಡಿಸಿಕೊಳ್ಳಲು ಪೊಲೀಸರು ಜೆಫ್ರೀಸ್ ಬಳಿಗೆ ಹೋದರು. ಎರಡೂ ಕೊಲೆ ಒಬ್ಬನದೇ, ಆದರೆ ಈ ಹುಡುಗನದಲ್ಲ ಎಂದು ಫಲಿತಾಂಶ ಬಂತು. ಬಾಯಿ ಒಪ್ಪಿಕೊಂಡದ್ದನ್ನು ದೇಹದ ಗುರುತು ಸುಳ್ಳೆಂದಿತು. ಆಮೇಲೆ ಪೊಲೀಸರು ಸುತ್ತಲಿನ ಸುಮಾರು ಐದು ಸಾವಿರ ಗಂಡಸರ ಮಾದರಿ ಸಂಗ್ರಹಿಸಿದರು. ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲಿಗೆ ಸಹೋದ್ಯೋಗಿಯನ್ನು ರಕ್ತ ಕೊಡಲು ಕಳಿಸಿದ್ದ. ಆ ಗುಟ್ಟು ಪಬ್ಬಿನ ಹರಟೆಯಲ್ಲಿ ಹೊರಬಿದ್ದು, 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಅದೇ ವರ್ಷ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಲಾಲ್‌ಜಿ ಸಿಂಗ್ ಭಾರತದ್ದೇ ಆದ ಡಿಎನ್‌ಎ ಬೆರಳಚ್ಚು ವಿಧಾನ ರೂಪಿಸಿದರು. ಅದರ ಬೇರು ಅಪರಾಧ ಲೋಕದಲ್ಲಿರಲಿಲ್ಲ, ಹಾವಿನಲ್ಲಿತ್ತು. ಗಂಡು ಹೆಣ್ಣು ಹಾವುಗಳ ವರ್ಣತಂತುಗಳ ವ್ಯತ್ಯಾಸ ಹುಡುಕುತ್ತ ಪಟ್ಟೆ ಕಟ್ಟುಹಾವಿನಲ್ಲಿ ಅವರು ಗುರುತಿಸಿದ್ದ ಡಿಎನ್‌ಎ ಸರಣಿಯೇ ಮನುಷ್ಯರ ಗುರುತಿಗೂ ಒದಗಿತು. ಕೇರಳದ ತಲಶ್ಶೇರಿಯ ಪಿತೃತ್ವದ ಮೊಕದ್ದಮೆಯಲ್ಲಿ ನ್ಯಾಯಾಲಯ ಮೊದಲ ಬಾರಿಗೆ ಅದನ್ನು ಒಪ್ಪಿತು. ದೆಹಲಿಯ ತಂದೂರ್ ಕೊಲೆ, ರಾಜೀವ್ ಗಾಂಧಿ ಹತ್ಯೆಯ ತನಿಖೆಗಳಲ್ಲೂ ಗುರುತು ಪತ್ತೆಗೆ ಅದು ನೆರವಾಯಿತು.

ಕರ್ನಾಟಕದಲ್ಲಿ ಈ ವಿದ್ಯೆ ಮನೆಮಾತಾದದ್ದು ಬೆಂಗಳೂರಿನ ರಿಚ್ಮಂಡ್ ರಸ್ತೆಯ ಒಂದು ಬಂಗಲೆಯಿಂದ. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಣ್ಮರೆಯಾದರು. ಆಕೆ ಅಲ್ಲಿದ್ದಾರೆ, ಇಲ್ಲಿದ್ದಾರೆ ಎಂದು ಎರಡನೆಯ ಪತಿ ಸ್ವಾಮಿ ಶ್ರದ್ಧಾನಂದ ಕೇಳಿದವರಿಗೆಲ್ಲ ಹೇಳುತ್ತಲೇ ಇದ್ದ. ಮಗಳು ಪಟ್ಟು ಬಿಡದೆ ಪೊಲೀಸರ ಬೆನ್ನುಹತ್ತಿದಳು. 1994ರ ಮಾರ್ಚ್‌ನಲ್ಲಿ ಅವನೇ ತೋರಿಸಿದ ಜಾಗದಲ್ಲಿ ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಅಗೆತವನ್ನು ವಿಡಿಯೊ ಚಿತ್ರೀಕರಣ ಮಾಡಲಾಗಿತ್ತು. ತಲೆಬುರುಡೆಯ ಚಿತ್ರವನ್ನು ಬದುಕಿದ್ದಾಗಿನ ಭಾವಚಿತ್ರದ ಮೇಲಿಟ್ಟು ಕಣ್ಣುಗುಳಿ, ಮೂಗು, ಗದ್ದದ ರೇಖೆಗಳನ್ನು ಹೊಂದಿಸಿ ನೋಡಲಾಯಿತು. ಸ್ಕಾಟ್ಲೆಂಡಿನಲ್ಲಿ 1935ರ ರಕ್ಸ್‌ಟನ್ ಪ್ರಕರಣದಿಂದ ಹೆಸರಾದ ವಿಧಾನವದು. ಜೊತೆಗೆ ಡಿಎನ್‌ಎ ಪರೀಕ್ಷೆಯೂ ನಡೆಯಿತು. ಸುಪ್ರೀಂ ಕೋರ್ಟ್ 2008ರಲ್ಲಿ ಅಪರಾಧಿಯ ಮರಣದಂಡನೆಯನ್ನು, ಬದುಕಿರುವ ತನಕ ಬಿಡುಗಡೆಯಿಲ್ಲದ ಸೆರೆವಾಸವಾಗಿ ಬದಲಾಯಿಸಿತು. ಸ್ವಾಮಿ ಶ್ರದ್ಧಾನಂದ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳು ಇಂದು ಓದುವುದು ಇದನ್ನೇ.

ಬಿಡಿ ವರದಿಗಳು, ಕಾಣದ ಕೊಂಡಿ

ಪ್ರಯೋಗಾಲಯ ಒಂದರಿಂದಲೇ ಎಲ್ಲವೂ ಆಗುವುದಿಲ್ಲ. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲಾ ಶಿಕ್ಷಕನೊಬ್ಬ 2003ರಿಂದ 2009ರವರೆಗೆ 20 ಮಹಿಳೆಯರನ್ನು ಕೊಂದ. ಮದುವೆಯಾಗುವುದಾಗಿ ನಂಬಿಸಿ, ಊರಿಂದ ದೂರ ಕರೆದೊಯ್ದು, ಗರ್ಭನಿರೋಧಕ ಮಾತ್ರೆ ಎಂದು ಸೈನೈಡ್ ಕೊಡುತ್ತಿದ್ದ. ಮೈಸೂರು, ಮಡಿಕೇರಿ ಮೊದಲಾದ ಊರುಗಳ ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಶವಗಳು ಸಿಕ್ಕವು. ಒಂದೊಂದು ಠಾಣೆಯಲ್ಲಿ ಒಂದೊಂದು ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಕೆಲವು ಒಳಾಂಗ ಪರೀಕ್ಷೆಗಳಲ್ಲಿ ಸೈನೈಡ್ ಪತ್ತೆಯೂ ಆಯಿತು. ಆದರೆ ಆ ವರದಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವ ವ್ಯವಸ್ಥೆಯೇ ಇರಲಿಲ್ಲ. 2009ರಲ್ಲಿ ಮೊಬೈಲ್ ಕರೆಗಳ ವಿವರ ಜಾಲಾಡಿದಾಗಷ್ಟೇ ಕೊಂಡಿ ಕೊಂಡಿಗೆ ಸೇರಿ 'ಸೈನೈಡ್ ಮೋಹನ' ಸಿಕ್ಕಿಬಿದ್ದ. ಕಾಣೆಯಾದವರ ಪಟ್ಟಿಯೂ ಅಪರಿಚಿತ ಶವಗಳ ಪಟ್ಟಿಯೂ ಒಂದಕ್ಕೊಂದು ಎದುರಾಗಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ.

ಮಂಪರಿನ ದಾರಿ

ಗುರುತು ಓದುವ ವಿಜ್ಞಾನದ ಹೆಸರಿನಲ್ಲೇ ಬಾಯಿ ಬಿಡಿಸುವ ಹಳೆಯ ಚಾಳಿ ಮರಳಿ ಬಂದ ಕಾಲವೂ ಒಂದಿತ್ತು. 2000ರ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ಹೆಸರಾಗಿತ್ತು. ದೇಶದ ನಾನಾ ಕಡೆಯಿಂದ ಆರೋಪಿಗಳನ್ನು ಇಲ್ಲಿಗೆ ಕರೆತಂದು, ಸೋಡಿಯಂ ಪೆಂಟೊಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿ ಪ್ರಶ್ನೆ ಕೇಳುತ್ತಿದ್ದರು. ನಕಲಿ ಛಾಪಾಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರಿನ ಮಾತುಗಳು ಟಿ.ವಿ.ಯಲ್ಲೂ ಬಂದವು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆಯಿತು. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡಕೂಡದು ಎಂದಿತು. ಆರೋಪಿಯ ಬೆರಳಚ್ಚು ಪಡೆಯುವುದು ಅವನನ್ನು ಅವನ ವಿರುದ್ಧವೇ ಸಾಕ್ಷಿಯಾಗಿಸಿದಂತಲ್ಲ ಎಂದು 1961ರಲ್ಲೇ 11 ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತ್ತು. ಬೆರಳಿನ ಗೆರೆ ಯಾರ ಬಲವಂತಕ್ಕೂ ಬದಲಾಗದು. ಮನಸ್ಸಿನಿಂದ ಮಾತು ಹಿಂಡುವುದು ಹಾಗಲ್ಲ. ಎರಡೂ ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ನಡುವಿನ ಗಡಿ ನಿಚ್ಚಳವಾಗುತ್ತದೆ.

ನಿಜವಾದ ಗುರುತನ್ನೂ ಮನುಷ್ಯ ತಪ್ಪಾಗಿ ಓದಬಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಬಳಿಕ ಒಂದು ಪ್ಲಾಸ್ಟಿಕ್ ಚೀಲದ ಮೇಲೆ ಸಿಕ್ಕ ಬೆರಳಚ್ಚು ಅಮೆರಿಕದ ಒರೆಗಾನ್‌ನ ವಕೀಲರೊಬ್ಬರದು ಎಂದು ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ವಕೀಲರು ಸೆರೆಯಲ್ಲಿದ್ದಾಗಲೇ ಸ್ಪೇನಿನ ಪೊಲೀಸರು ಅದು ಆಲ್ಜೀರಿಯಾದ ಒಬ್ಬನದೆಂದು ಪತ್ತೆ ಮಾಡಿದರು. ಎಫ್‌ಬಿಐ ಕ್ಷಮೆ ಕೇಳಿತು. ಅಮೆರಿಕ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಡಿಎನ್‌ಎ ಬಿಟ್ಟರೆ ಹೋಲಿಕೆಯ ಹಲವು ವಿಧಾನಗಳಿಗೆ ಗಟ್ಟಿ ವೈಜ್ಞಾನಿಕ ತಳಹದಿ ಇನ್ನೂ ಸಾಲದು ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲಿ ವರದಿ ಕೊಟ್ಟಿತು.

ಅರಗಿನ ಮುದ್ರೆ

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿ ವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ಸಾಕ್ಷ್ಯ ಸಂಗ್ರಹವನ್ನು ಚಿತ್ರೀಕರಿಸಬೇಕು ಎನ್ನುತ್ತದೆ. ಸಿದ್ಧತೆಗೆ ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ಮದರಾಸಿಗೆ ಸೀಸೆಗಳು ಬರುತ್ತಿದ್ದ 1849ರಿಂದ ಲೆಕ್ಕ ಹಾಕಿದರೆ, ಪ್ರಯೋಗಾಲಯವೇ ಸ್ಥಳಕ್ಕೆ ಹೊರಡಬೇಕೆಂದು ಕಾನೂನು ಹೇಳಲು 175 ವರ್ಷ ಹಿಡಿಯಿತು.

ಸ್ಥಳದಿಂದ ಪ್ರಯೋಗಾಲಯದವರೆಗಿನ ದಾರಿ ಎಷ್ಟು ನಾಜೂಕೆಂದು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ತೋರಿಸಿತು. ದೆಹಲಿಯಲ್ಲಿ ಯುವತಿಯೊಬ್ಬಳ ಅಪಹರಣ, ಕೊಲೆಯ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಅದು ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಇತ್ತು. ಆದರೆ ಮಾದರಿಗಳು ಸುಮಾರು ಎರಡು ವಾರ ಠಾಣೆಯ ಮುದ್ದೆಮಾಲು ಕೋಣೆಯಲ್ಲೇ ಉಳಿದಿದ್ದವು. ಆ ಅವಧಿಯಲ್ಲಿ ಯಾರೂ ಅವನ್ನು ತಿದ್ದಿಲ್ಲ ಎಂದು ನಂಬಲು ಆಧಾರ ಸಾಲದಾಯಿತು. ಮಗಳನ್ನು ಕಳೆದುಕೊಂಡ ತಂದೆತಾಯಿಗೆ ಹತ್ತು ವರ್ಷದ ಬಳಿಕ ಸಿಕ್ಕಿದ ಉತ್ತರ ಅದು. ಡಿಎನ್‌ಎ ಮಾದರಿಗಳನ್ನು ಸಂಗ್ರಹಿಸಿದ 48 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು, ಅವು ಯಾರ ಕೈಯಿಂದ ಯಾರ ಕೈಗೆ ಹೋದವೆಂದು ವಹಿಯಲ್ಲಿ ಬರೆದಿಡಬೇಕು ಎಂದು 2025ರಲ್ಲಿ ಅದೇ ನ್ಯಾಯಾಲಯ ಆದೇಶಿಸಿತು.

ಹೀಗಾಗಿ ತಾಲ್ಲೂಕು ಠಾಣೆಯೊಂದರಿಂದ ಕಾನ್‌ಸ್ಟೆಬಲ್ ಬಸ್ಸಿನಲ್ಲಿ ತಂದ ಬಟ್ಟೆಯ ಗಂಟು ಪ್ರಯೋಗಾಲಯದ ಕಿಟಕಿಗೆ ಬಂದಾಗ ಸಿಬ್ಬಂದಿ ಸೂಕ್ಷ್ಮದರ್ಶಕದತ್ತ ಹೋಗುವುದಿಲ್ಲ. ಮಹಜರಿನಲ್ಲಿ ಬರೆದ ವಸ್ತುಗಳ ಪಟ್ಟಿಯನ್ನು ಒಂದೊಂದಾಗಿ ಓದುತ್ತಾರೆ. ಗಂಟಿನ ಮೇಲೆ ಒತ್ತಿದ ಅರಗಿನ ಮುದ್ರೆಯನ್ನೂ ಪತ್ರದ ಜೊತೆ ಬಂದ ಮಾದರಿ ಮುದ್ರೆಯನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಾರೆ. ಎರಡೂ ತಾಳೆಯಾದ ಮೇಲೆಯೇ ದಾರಕ್ಕೆ ಕತ್ತರಿ ಹಾಕುತ್ತಾರೆ.